ಸೂರ್ಯನ ಮೇಲಿನ ಹಿಂಡು

ಬೀದರ
24 ಜೂನ್ 2024

ಸಿದ್ದೇಶ್ವರಿ,

ಔರಾದದ ಶಿಬಿರದಲ್ಲಿ ಎಲ್ಲರಿಗಿಂತ ಹಿಂದೆ ಕೂತು ಎಲ್ಲರಿಗಿಂತ ಮೊದಲು ಬಾಯಿ ಬಿಟ್ಟವಳು ನೀನೇ ತಾನೇ? ಬಿಳಿ ರಟ್ಟಿನ ಮೇಲೆ ಸೂರ್ಯನ ಬಿಂಬ ಬಿದ್ದಾಗ ಉಳಿದ ಮಕ್ಕಳು "ರೊಟ್ಟಿ ಹಂಗ ಅದ" ಎಂದು ನಗುತ್ತಿದ್ದರು. ನೀನು ಬಗ್ಗಿ ನೋಡಿ, "ಮೇಡಂ, ರೊಟ್ಟಿ ಮ್ಯಾಲ ಇರುವಿ ಅದಾವ್ರಿ, ಇಲ್ಲಿ ನಾಕೈದು ಕೂಡಿ ನಿಂತಾವ" ಎಂದೆ. ಆ ಇರುವೆಗಳೇ ಸೂರ್ಯನ ಕಲೆಗಳು. ಎರಡು ತಾಸಿನ ಶಿಬಿರದಲ್ಲಿ ಅದನ್ನು ತಾನಾಗಿ ಕಂಡವಳು ನೀನೊಬ್ಬಳೇ.

ನಾನು ಯಾರೆಂದು ಮರೆತಿದ್ದರೆ ಹೇಳುತ್ತೇನೆ. ಬೀದರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಪ್ರಣಾಲಿ. ಭಾನುವಾರ ಬಂತೆಂದರೆ ದುರ್ಬೀನು ಹೆಗಲಿಗೇರಿಸಿ ಊರೂರು ಸುತ್ತುತ್ತೇನೆ. "ನನ ಮಗಳು ಮಂದಿ ಮಕ್ಕಳಿಗಿ ಹಗಲಾಗ ಚಿಕ್ಕಿ ತೋರಸ್ಲಾಕ ಹೋಗ್ಯಾಳ" ಎಂದು ನನ್ನವ್ವ ಶೇವಂತಾಬಾಯಿ ನೆರೆಯವರ ಮುಂದೆ ನನ್ನ ಮರ್ಯಾದೆ ತೆಗೆಯುತ್ತಾಳೆ.

ನಿಮ್ಮ ಶಾಲೆಗೆ ಒಂದು ಸಣ್ಣ ದುರ್ಬೀನು ಕಳಿಸಿದ್ದೇನೆ. ಹೆಡ್ ಮಾಸ್ಟರ್ ಮಚ್ಛೇಂದ್ರ ಸರ್ ಹತ್ತಿರ ಇದೆ. ದಿನವೂ ಪ್ರಾರ್ಥನೆ ಮುಗಿದ ಮೇಲೆ ಅದರಿಂದ ಸೂರ್ಯನ ಬಿಂಬವನ್ನು ರಟ್ಟಿನ ಮೇಲೆ ಬೀಳಿಸು. ಕೊಳವೆಗೆ ಕಣ್ಣು ಮಾತ್ರ ಇಡಬೇಡ. ಇಟ್ಟರೆ ಕಣ್ಣು ಹೋಗುತ್ತದೆ, ಇದರಲ್ಲಿ ತಮಾಷೆಯಿಲ್ಲ. ಕಂಡದ್ದನ್ನು ನೋಟಬುಕ್ಕಿನಲ್ಲಿ ಬಿಡಿಸು, ಕೆಳಗೆ ಎಷ್ಟು ಗುಂಪು ಎಂದು ಬರೆ. ನೋಟಬುಕ್ಕು ಶಾಲೆಯಲ್ಲೇ ಇರಲಿ. ಸಂಖ್ಯೆಗಳನ್ನು ಮಾತ್ರ ಸೋಮವಾರಕ್ಕೊಮ್ಮೆ ಕಾರ್ಡಿನಲ್ಲಿ ಬರೆದು ನನಗೆ ಹಾಕು. ಮೋಡವಿದ್ದ ದಿನ "ಮೋಡ" ಎಂದು ಬರೆದರೆ ಸಾಕು.

ಕಲೆ ಎಂದರೆ ಮಸಿ ಚೆಲ್ಲಿದ ಹಾಗೆ ಎಂದುಕೊಳ್ಳಬೇಡ. ಅವಕ್ಕೆ ಜೀವವಿದೆ ಎಂದೇ ತಿಳಿ. ಹುಟ್ಟುತ್ತವೆ, ದೊಡ್ಡವಾಗುತ್ತವೆ, ಗುಂಪು ಕಟ್ಟಿಕೊಂಡು ಸೂರ್ಯನ ಮೇಲೆ ನಡೆಯುತ್ತವೆ, ಸಾಯುತ್ತವೆ. ನಿಮ್ಮದು ಕುರಿಗಳ ಮನೆಯಂತೆ. ಹಿಂಡು ಎಂದರೆ ಏನೆಂದು ನಿನಗೆ ಬೇರೆ ಹೇಳಿಕೊಡಬೇಕಿಲ್ಲ.

ಕಾಗದದಲ್ಲೇ ಬರೆ. ಫೋನಿಗೆ ಬಂದದ್ದು ಮದುವೆಯ ಕರೆಯೋಲೆ, ಗುಡ್ ಮಾರ್ನಿಂಗ್ ಗುಲಾಬಿಗಳ ನಡುವೆ ಕಳೆದುಹೋಗುತ್ತದೆ. ಪುಸ್ತಕದ ಕನ್ನಡ ಬೇಡ, ಮಾತಾಡುವ ಹಾಗೆ ಬರೆ.

ನಿನ್ನ ಕಾರ್ಡಿನ ದಾರಿ ಕಾಯುವ,
ಪ್ರಣಾಲಿ


ಸಂತಪುರ
8 ಜುಲೈ 2024

ಪ್ರಣಾಲಿ ಮೇಡಂ ಅವರಿಗೆ ಸಿದ್ದೇಶ್ವರಿ ಮಾಡುವ ನಮಸ್ಕಾರಗಳು.

ನಿಮ್ಮ ಪತ್ರ ಮುಟ್ಟೇದರಿ. ನಮ್ಮ ಮನಿಗಿ ನನ್ನ ಹೆಸರಿಗಿ ಬಂದ ಮೊದಲನೇ ಪತ್ರರಿ ಇದು. ಪೋಸ್ಟಿನವರು "ಸಿದ್ದೇಶ್ವರಿ ಅಂದ್ರ ಯಾರು?" ಅಂತ ಕೇಳಿದರು. ಮನ್ಯಾಗ ಎಲ್ಲಾರೂ ಸಿದ್ದಿ ಅಂತಾರ, ಹಿಂಗಾಗಿ ಆಯಿಗಿ ಲಗೂನೆ ತಿಳೀಲಿಲ್ಲ. ಆಯಿ ಅಂದರ ನಮ್ಮಪ್ಪನ ಅವ್ವ, ಚಂದ್ರಭಾಗಾ. ಆಕಿನೇ ನನಗ ಎಣಿಸೋದು ಕಲಿಸ್ಯಾಳ. ಸಾಲಿಗಿ ಹೋಗೋಕಿಂತ ಮೊದಲೇ ಕುರಿ ದೊಡ್ಡಿ ಬಾಗಲದಾಗ ಕುಂದರಿಸಿಕೊಂಡು ಎಣಿಸಲಾಕ ಹಚ್ಚತಿದ್ದಳು. ನನಗ ಒಂಬತ್ತನೇ ಈಯತ್ತ. ತಮ್ಮ ಅಮೋಲ್ ಐದನೇದು. ಅಪ್ಪನ ಹೆಸರು ಮಡೆಪ್ಪ. ಅಪ್ಪ ಅವ್ವ ಕುರಿ ಹಿಂದ ಇರ್ತಾರರಿ.

ಮಳಿ ಸುರು ಆಗೇದ. ಆದರೂ ಮೋಡ ಸರಿದ ಕೂಡಲೇ ಓಡಿ ಹೋಗಿ ನೋಡ್ತೇನಿ. ಮಚ್ಛೇಂದ್ರ ಸರ್ ಬೈತಾರ, ಗಣಿತದ ಪಿರೇಡ್ ಬಿಟ್ಟು ಓಡ್ತಿ ಅಂತ. ನಾ ಓಡಿದರ ಇಡೀ ಕ್ಲಾಸು ಓಡಿ ಬರ್ತದ, ಅದಕ್ಕ ಅವರಿಗಿ ಸಿಟ್ಟು.

ನೀವು ಹೇಳಿದ್ದು ಖರೇ ಅದರಿ. ಅವಕ್ಕ ಜೀವ ಅದ. ಮೊದಲ ದಿನ ಒಂದು ಅಂಚಿನಾಗ ಬಡಕಾಗಿ ಇತ್ತು. ಐದು ದಿನಕ್ಕ ನಡುವಿನ ಹತ್ತಿರ ಬಂದು ಮೈ ತುಂಬಿಕೊಂಡು ನಿಂತದ. ಬೆನ್ನಿಗಿ ಸಣ್ಣ ಸಣ್ಣವು ಹುಟ್ಟ್ಯಾವ. ನೋಡಿ ನಾ ಬಾಯಿ ಮ್ಯಾಲ ಕೈ ಇಟ್ಟುಕೊಂಡೆ. ನಾ ಅವಕ್ಕ ಗುಂಪು ಅನ್ನೋದಿಲ್ಲ, ಹಿಂಡು ಅಂತೀನಿ. ನಡೀತದೇನ್ರಿ?

1 ತಾರೀಖು 6, 2 ಮೋಡ, 3 ಮೋಡ, 4 ತಾರೀಖು 7, 5 ತಾರೀಖು 7, 6 ಮೋಡ.

ತಪ್ಪಿದ್ದರ ತಿದ್ದರಿ.
ಸಿದ್ದೇಶ್ವರಿ


ಬೀದರ
27 ಜುಲೈ 2024

ಸಿದ್ದಿ,

ಹಿಂಡು ಎನ್ನಬಹುದು. ಇನ್ನು ಮೇಲೆ ನಾನೂ ಹಾಗೇ ಅನ್ನುತ್ತೇನೆ. ನಿನ್ನೆ ಬಿ.ಎಸ್‌ಸಿ. ಹುಡುಗರ ಮುಂದೆ ಬಾಯಿ ತಪ್ಪಿ "ಇವತ್ತು ಎಂಟು ಹಿಂಡು" ಎಂದುಬಿಟ್ಟೆ. "ಮೇಡಂ ಕುರಿ ಕಾಯಲಾಕ ಹೊಂಟಾರ" ಎಂದು ಹಿಂದಿನ ಬೆಂಚು ನಕ್ಕಿತು.

ಒಂದು ಸುದ್ದಿ ಹೇಳಬೇಕು. ಜುಲೈನಿಂದ ಸೆಪ್ಟೆಂಬರವರೆಗಿನ ನಮ್ಮ ಎಣಿಕೆಗಳನ್ನೆಲ್ಲ ಸೇರಿಸಿ ಹವ್ಯಾಸಿ ವೀಕ್ಷಕರ ಒಂದು ಸಂಸ್ಥೆಗೆ ಕಳಿಸುತ್ತಿದ್ದೇನೆ. ಅವರು ಅದನ್ನು ಪತ್ರಿಕೆಯಲ್ಲಿ ಅಚ್ಚು ಹಾಕುತ್ತಾರೆ, ನೋಡಿದವರ ಹೆಸರು ಸಮೇತ. ಬೀದರದಿಂದ ನಾನು, ಭಾಲ್ಕಿಯಿಂದ ಸಪನಾ, ಸಂತಪುರದಿಂದ ನೀನು. ಸಪನಾ ನೆನಪಿದ್ದಾಳಲ್ಲ? ಶಿಬಿರದಲ್ಲಿ ನನ್ನ ಜೊತೆ ಇದ್ದ, ಡಿಗ್ರಿ ಓದುವ ಹುಡುಗಿ. ಸೂರ್ಯನ ಕಲೆ ಎಣಿಸಲು ದೊಡ್ಡ ವಿಜ್ಞಾನಿಯೇ ಆಗಬೇಕಿಲ್ಲ. ದಿನವೂ ತಪ್ಪದೆ ನೋಡಬೇಕು, ಕಂಡದ್ದನ್ನೇ ಬರೆಯಬೇಕು. ಈ ಎರಡು ಬಂದರೆ ಎಲ್ಲ ಬಂತು.

ಕಾರ್ಡು ತಪ್ಪಿಸಬೇಡ. ಗಣಿತದ ಪಿರೇಡ್ ಮಾತ್ರ ಬಿಡಬೇಡ, ಮಚ್ಛೇಂದ್ರ ಸರ್ ನನಗೂ ಬೈದಾರು.

ಪ್ರಣಾಲಿ


ಸಂತಪುರ
19 ಆಗಸ್ಟ್ 2024

ಮೇಡಂ ಅವರಿಗೆ ನಮಸ್ಕಾರರಿ.

ಹೆಸರು ಅಚ್ಚಾಗಿ ಬರ್ತದ ಅಂತ ಬರದೀರಲ್ಲ, ಆ ಪತ್ರ ಆಯಿಗಿ ಮೂರು ಸಲ ಓದಿ ಹೇಳೀನಿ. ಅಪ್ಪಗ ಹೇಳಿದರ ನಂಬಲಿಲ್ಲ. "ಬೆಳಕಿನಾಗ ಏನು ನೋಡ್ತಿ ನೀ, ನನಗೂ ತೋರ್ಸು" ಅಂತ ಹೋದ ಗುರುವಾರ ಸಾಲಿಗಿ ಬಂದರು. ಕಂಬಳಿ ಹೆಗಲ ಮ್ಯಾಲ, ಕೈಯಾಗ ಕುರಿ ಹೊಡೆಯೋ ಕೋಲು. ನನಗ ನಾಚಿಕಿ ಬಂತು, ಖುಷಿನೂ ಆಯ್ತು. ರಟ್ಟಿನ ಮುಂದ ಕುಂತು ಬಿಂಬ ನೋಡಿದರು. ಆಮ್ಯಾಲ ನನ್ನ ನೋಟಬುಕ್ಕಿನ ಹಾಳಿ ಒಂದೊಂದೇ ತಿರುವಿದರು. ಅಪ್ಪಗ ಓದಲಾಕ ಬರೋದಿಲ್ರಿ, ಚಿತ್ರ ನೋಡಿದರು. ನೋಡಿ ಏನಂದರು ಗೊತ್ತೇನ್ರಿ? "ನಡುವಿನ ಹಿಂಡು ಜೋರ್ ನಡೀತಾವ, ಮ್ಯಾಲಿನವು ಹಿಂದ ಬೀಳತಾವ. ಮ್ಯಾಲಿನವುಕ್ಕ ಕಾಲು ನೋಯ್ತಾವೇನು?" ನಾ ಅಲ್ಲಿ ತನಕ ಅದನ್ನ ನೋಡಿರಲಿಲ್ಲ. ಖರೇನ್ರಿ ಅದು?

ಸಪನಾ ಅಕ್ಕ ಶನಿವಾರ ಶನಿವಾರ ಅಪ್ಪನ ಫೋನಿಗಿ ಫೋನ್ ಮಾಡ್ತಾರ. ಭಾಳ ಹೊತ್ತು ಮಾತಾಡ್ತೇವಿ. ಏನು ಅಂತ ಹೇಳೋದಿಲ್ಲ, ನೀವು ನಗತೀರಿ.

ಒಂದು ಮಾತು ಕೇಳಬೇಕಾಗೇದರಿ. ಆ ಹೆಸರು ದಸರಾಕಿಂತ ಮೊದಲ ಬರ್ತದೇನ್ರಿ? ಅಚ್ಚಾಗದಿದ್ದರೂ ನಡೀತದ, ಹೆಸರು ಸೇರ್ಸೀವಿ ಅಂತ ನಿಮ್ಮ ಕೈಯಿಂದ ಬರೆದ ಒಂದು ಕಾಗದ ಬಂದರೂ ಸಾಕು. ಹ್ಯಾಂಗರ ಮಾಡಿ ದಸರಾಕಿಂತ ಮೊದಲ ಕಳಸ್ರಿ. ಯಾಕ ಅಂತ ಕೇಳಬ್ಯಾಡ್ರಿ.

12 ತಾರೀಖು 8, 13 ತಾರೀಖು 8, 14 ಮೋಡ, 15 ಝಂಡಾದ ದಿನ 7, 16 ತಾರೀಖು 7, 17 ಮೋಡ.

ಸಿದ್ದಿ


ಬೀದರ
3 ಸೆಪ್ಟೆಂಬರ್ 2024

ಸಿದ್ದೇಶ್ವರಿ,

ಕಾರ್ಡುಗಳು ಬಂದಿವೆ. ಪರೀಕ್ಷೆಯ ಕೆಲಸದಲ್ಲಿ ಮುಳುಗಿರುವುದರಿಂದ ಉದ್ದಕ್ಕೆ ಬರೆಯಲಾರೆ. ಒಂದು ಪ್ರಶ್ನೆ. ನೀನೊಬ್ಬಳೇ ನೋಡಿ ಎಣಿಸುತ್ತೀಯಾ? ಬೇರೆ ಯಾರನ್ನಾದರೂ ಕೇಳಿ ಬರೆಯುತ್ತೀಯಾ? ಇದ್ದದ್ದು ಇದ್ದ ಹಾಗೆ ಹೇಳು.

ಹೆಸರಿನ ಬಗ್ಗೆ ಅವಸರ ಬೇಡ. ಹೆಸರಿಗಾಗಿ ಆಕಾಶ ನೋಡುವವರು ಬಹಳ ದಿನ ನೋಡುವುದಿಲ್ಲ.

ಪ್ರಣಾಲಿ


ಸಂತಪುರ
23 ಸೆಪ್ಟೆಂಬರ್ 2024

ಮೇಡಂ ಅವರಿಗೆ ನಮಸ್ಕಾರರಿ.

ನಾ ಒಬ್ಬಾಕಿನೇ ನೋಡ್ತೇನ್ರಿ. ಯಾರನ್ನೂ ಕೇಳೋದಿಲ್ಲ. ಕೇಳಿದರ ಇಲ್ಲಿ ಯಾರಿಗಿ ಬರ್ತದರಿ?

16 ತಾರೀಖು 5, 17 ತಾರೀಖು 5, 18 ತಾರೀಖು 5, 19 ತಾರೀಖು 6, 20 ತಾರೀಖು 6, 21 ಮೋಡ.

ದಸರಾ ಮುಂದಿನ ತಿಂಗಳ 12ಕ್ಕ ಅದರಿ.
ಸಿದ್ದಿ


ಬೀದರ
30 ಸೆಪ್ಟೆಂಬರ್ 2024

ಸಿದ್ದೇಶ್ವರಿಗೆ,

ಈ ಪತ್ರದ ಒಂದು ಪ್ರತಿಯನ್ನು ಮಚ್ಛೇಂದ್ರ ಸರ್‌ಗೂ ಕಳಿಸಿದ್ದೇನೆ. ದೊಡ್ಡವರಿಗೆ ಗೊತ್ತಿರಲಿ ಎಂದು.

ಮೂರು ತಿಂಗಳಲ್ಲಿ ನೀನೂ ನಾನೂ ಇಬ್ಬರೂ ಸೂರ್ಯನನ್ನು ಕಂಡ ದಿನಗಳು ಮೂವತ್ತೆಂಟು. ಅಷ್ಟನ್ನೂ ಎದುರುಬದುರು ಇಟ್ಟು ನೋಡಿದೆ. ಮೂವತ್ತೇಳು ದಿನ ನಿನ್ನ ಸಂಖ್ಯೆ ನನ್ನದಕ್ಕಿಂತ ಸರಿಯಾಗಿ ಒಂದು ಕಡಿಮೆ. ಒಮ್ಮೆಯೂ ಎರಡು ಕಡಿಮೆ ಇಲ್ಲ, ಒಮ್ಮೆಯೂ ಹೆಚ್ಚಿಲ್ಲ. ಕಣ್ಣಿನಿಂದ ನೋಡಿ ಎಣಿಸುವವರು ಹೀಗೆ ಬರೆಯಲು ಸಾಧ್ಯವಿಲ್ಲ. ಸಪನಾಳ ಎಣಿಕೆ ಒಮ್ಮೆ ನನಗಿಂತ ಹೆಚ್ಚು, ಒಮ್ಮೆ ಕಡಿಮೆ. ನಿಜವಾಗಿ ನೋಡಿದರೆ ಹಾಗೇ ಆಗುವುದು.

ನನ್ನ ಎಣಿಕೆಯನ್ನು ದಿನವೂ ಸಂಜೆ ನಮ್ಮ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ. ಸಪನಾ ಅದನ್ನು ನೋಡುತ್ತಾಳೆ. ಶನಿವಾರ ಅವಳು ನಿನಗೆ ಫೋನ್ ಮಾಡುತ್ತಾಳೆ, ಏನು ಮಾತಾಡುತ್ತೀರಿ ಎಂದು ನೀನು ಹೇಳುವುದಿಲ್ಲ. ಸೋಮವಾರ ನಿನ್ನ ಕಾರ್ಡು ಹೊರಡುತ್ತದೆ. ಕದ್ದದ್ದು ಗೊತ್ತಾಗದಿರಲಿ ಎಂದು ಎಲ್ಲದರಿಂದ ಒಂದು ಕಳೆದು ಬರೆದೆ ಎಂದುಕೊಳ್ಳುವುದರ ಹೊರತು ನನಗೆ ಬೇರೆ ದಾರಿ ಕಾಣುತ್ತಿಲ್ಲ. ಸೆಪ್ಟೆಂಬರ್ 19ರಂದು ಮಾತ್ರ ನಿನ್ನದೂ ಆರು, ನನ್ನದೂ ಆರು. ಆ ದಿನ ಕಳೆಯುವುದು ಮರೆತಿರಬೇಕು.

ಕಡಿಮೆ ನೋಡಿದ್ದರೆ, ತಪ್ಪು ಎಣಿಸಿದ್ದರೆ ನನಗೆ ಸಿಟ್ಟು ಬರುತ್ತಿರಲಿಲ್ಲ. ನೋಡದೆ ಬರೆಯುವುದನ್ನು ಮಾತ್ರ ನಾನು ಸಹಿಸುವುದಿಲ್ಲ. ನಿನ್ನ ಎಣಿಕೆಯನ್ನೂ ಹೆಸರನ್ನೂ ವರದಿಯಿಂದ ತೆಗೆದಿದ್ದೇನೆ. ನನಗೆ ತುಂಬಾ ಬೇಸರವಾಗಿದೆ.

ಪ್ರಣಾಲಿ


ಸಂತಪುರ
7 ಅಕ್ಟೋಬರ್ 2024

ಪ್ರಣಾಲಿ ಮೇಡಂ ಅವರಿಗೆ,

ನಿಮ್ಮ ಪತ್ರವನ್ನು ಸರ್ ಓದಿ ಹೇಳಿದರು. ನಾನು ನೋಟಬುಕ್ಕು ತೆಗೆದು ಎಲ್ಲವನ್ನೂ ಮತ್ತೊಮ್ಮೆ ಎಣಿಸಿದೆನು. ಅಷ್ಟೇ ಬಂದವು. ಯಾಕೆ ತಪ್ಪಾಯಿತೆಂದು ನನಗೆ ತಿಳಿಯಲಿಲ್ಲ. ತಪ್ಪಾಗಿದ್ದರೆ ಕ್ಷಮಿಸಬೇಕು. ದುರ್ಬೀನು ಮತ್ತು ನೋಟಬುಕ್ಕನ್ನು ಸರ್ ಅವರಿಗೆ ಒಪ್ಪಿಸಿರುತ್ತೇನೆ. ಒಂದು ಗಾಜಿಗೂ ಗೀರು ಬಿದ್ದಿರುವುದಿಲ್ಲ.

ಇಂತಿ ನಿಮ್ಮ ವಿಧೇಯ ವಿದ್ಯಾರ್ಥಿನಿ,
ಸಿದ್ದೇಶ್ವರಿ ಮಡೆಪ್ಪ


ಬೀದರ
14 ನವೆಂಬರ್ 2024

ಸಿದ್ದಿ,

ಪುಸ್ತಕದ ಕನ್ನಡದಲ್ಲಿ ಬರೆದೆಯಲ್ಲ, ಸಿಟ್ಟು ಇನ್ನೂ ಇಳಿದಿಲ್ಲವೇ? ಇವತ್ತು ಮಕ್ಕಳ ದಿನ. ಮಕ್ಕಳು ತಪ್ಪು ಮಾಡುತ್ತಾರೆ, ತಿದ್ದಿಕೊಳ್ಳುತ್ತಾರೆ. ನಾನು ಆ ವಿಷಯ ಮರೆತಿದ್ದೇನೆ. ಬರುವ ವರ್ಷ ಹೊಸದಾಗಿ ಶುರು ಮಾಡೋಣ. ಎರಡು ಸಾಲು ಬರೆ.

ಪ್ರಣಾಲಿ


ಬೀದರ
12 ಜನವರಿ 2025

ಸಿದ್ದಿ,

ಈ ಪತ್ರವನ್ನು ಖಟಕ ಚಿಂಚೋಳಿಯ ಹಾವಗೆಪ್ಪನವರ ವಿಳಾಸಕ್ಕೆ ಹಾಕುತ್ತಿದ್ದೇನೆ. ಗೊಬ್ಬರಕ್ಕೆಂದು ಅವರ ಹೊಲದಲ್ಲಿ ನಿಮ್ಮ ಕುರಿ ತರುಬಿದ್ದಾರೆ, ಇನ್ನೂ ಎರಡು ಮೂರು ತಿಂಗಳು ಆ ಕಡೆಯೇ ಇರುತ್ತಾರೆ ಎಂದು ನಿಮ್ಮ ಆಯಿ ಹೇಳಿದರು. ಹೌದು, ನಿನ್ನೆ ನಾನು ಸಂತಪುರಕ್ಕೆ ಹೋಗಿದ್ದೆ. ಹೋಗಬೇಕಾಗಿದ್ದದ್ದು ಸೆಪ್ಟೆಂಬರಿನಲ್ಲಿ.

ಎಲ್ಲವನ್ನೂ ನಡೆದ ಹಾಗೇ ಹೇಳುತ್ತೇನೆ. ಡಿಸೆಂಬರ್ ಕೊನೆಗೆ ಮಚ್ಛೇಂದ್ರ ಸರ್ ದುರ್ಬೀನನ್ನು ಬಸ್ಸಿನಲ್ಲಿ ಕಳಿಸಿಕೊಟ್ಟರು. ಚೀಲದಲ್ಲಿ ನಿನ್ನ ನೋಟಬುಕ್ಕೂ ಇತ್ತು. ಒಂದು ವಾರ ನಾನು ಅದನ್ನು ಬಿಚ್ಚಲಿಲ್ಲ. ಆಮೇಲೆ ಬಿಚ್ಚಿದೆ. ಮೊದಲ ಹಾಳೆಯಲ್ಲಿ ನೀನು ಬಿಡಿಸಿದ್ದು ಏಳು ಹಿಂಡು, ಕೆಳಗೆ ಬರೆದದ್ದು ಆರು. ಮುಂದಿನದರಲ್ಲಿ ಬಿಡಿಸಿದ್ದು ಎಂಟು, ಬರೆದದ್ದು ಏಳು. ಕೊನೆಯ ಹಾಳೆಯವರೆಗೂ ಹಾಗೇ. ಒಂದೊಂದು ಕಲೆಯೂ ಅದರ ಜಾಗದಲ್ಲಿದೆ. ಫೋನಿನಲ್ಲಿ ಸಂಖ್ಯೆ ಕೇಳಬಹುದು, ಚಿತ್ರ ಕೇಳಲಿಕ್ಕೆ ಆಗುತ್ತದೆಯೇ?

ಸೆಪ್ಟೆಂಬರ್ 19 ತೆಗೆದೆ. ನಾನು ಆರು ಕಂಡಿದ್ದೆ. ನೀನು ಏಳು ಬಿಡಿಸಿದ್ದೀ. ಏಳನೆಯದು ಪೂರ್ವದ ಅಂಚಿನಲ್ಲಿ, ಕೂದಲೆಳೆಯಷ್ಟು. ಆ ದಿನ ಬೇರೆ ಕಡೆ ತೆಗೆದ ಚಿತ್ರಗಳನ್ನು ಹುಡುಕಿ ನೋಡಿದೆ. ಇತ್ತು. ನನ್ನ ಕಣ್ಣಿಗೆ ಅದು ಬಿದ್ದದ್ದು ಮರುದಿನ. ಇಪ್ಪತ್ತು ವರ್ಷದಿಂದ ಸೂರ್ಯನನ್ನು ನೋಡುತ್ತಿರುವ ನನಗಿಂತ ಒಂದು ದಿನ ಮೊದಲು, ನನ್ನದರ ಅರ್ಧದಷ್ಟೂ ಇಲ್ಲದ ದುರ್ಬೀನಿನಲ್ಲಿ ನೀನು ಅದನ್ನು ಕಂಡಿದ್ದೆ. ಅದಕ್ಕೆ ನಾನು "ಕಳೆಯುವುದು ಮರೆತಿರಬೇಕು" ಎಂದು ಬರೆದೆ.

ಸಪನಾಳನ್ನು ಕೇಳಿದೆ. ಅತ್ತಳು. "ನಾ ಅಕಿಗಿ ಒಂದು ದಿನಾನೂ ನಂಬರ್ ಹೇಳಿಲ್ರಿ ಮೇಡಂ. ಅಕಿ ಹಾಡು ಹೇಳ್ತಿದ್ದಳು, ಕುರಿ ಕಾಯೋ ಹಾಡು. ನಾ ಬರಕೊಳ್ತಿದ್ದೆ. ಅಕಿಗಿ ನಾಚಿಕಿ, ಯಾರಿಗೂ ಹೇಳಬ್ಯಾಡ್ರಿ ಅಂದಿದ್ದಳು" ಎಂದಳು. ಆ ಮಾತನ್ನು ಸೆಪ್ಟೆಂಬರಿನಲ್ಲಿ ಕೇಳಲು ನನಗೆ ಎರಡು ನಿಮಿಷ ಸಾಕಾಗಿತ್ತು.

ಆದರೂ ಆ ಒಂದು ಯಾಕೆ ಕಡಿಮೆ ಎಂದು ತಿಳಿಯಲಿಲ್ಲ. ಅದಕ್ಕೇ ನಿಮ್ಮ ಮನೆಗೆ ಹೋದದ್ದು. ಆಯಿ ಒಬ್ಬರೇ ಇದ್ದರು. ಚಹಾ ಮಾಡಿಕೊಟ್ಟರು. ಮಾತಿಗೆ ಮಾತು ಬಂದು "ಮೊಮ್ಮಕ್ಕಳು ಎಷ್ಟು ಆಯಿ?" ಎಂದೆ. "ಒಂದವ್ವ" ಎಂದರು. "ಸಿದ್ದಿ, ಅಮೋಲ್... ಎರಡಲ್ಲೇನು?" ಎಂದೆ. ಅವರು ಗಡಬಡಿಸಿ ನನ್ನ ಬಾಯಿಗೆ ಕೈ ಅಡ್ಡ ಹಿಡಿದರು.

"ಪೂರಾ ಎಣಿಸಬಾರದು ತಾಯಿ. ಜೀವ ಇದ್ದದ್ದು ಎಣಿಸುವಾಗ ಒಂದು ಬೀರಪ್ಪ ದೇವರ ಕೈಯಾಗ ಬಿಡಬೇಕು. ಪೂರಾ ಎಣಿಸಿದರ ಕಣ್ಣಾಗ್ತದ. ಕುರಿಗೂ ಹಂಗೇ, ಕೂಸಿಗೂ ಹಂಗೇ. ನಮ್ಮ ಮನಿ ರೀತಿ ಅದು. ರೊಟ್ಟಿ, ಚರಗಿ ಎಷ್ಟರ ಎಣಿಸು, ಅದಕ್ಕೇನಿಲ್ಲ. ಸಿದ್ದಿಗಿ ಮಾತು ಬರಾಕಿಂತ ಮೊದಲೇ ನಾ ಕಲಿಸೀನಿ ಅದನ್ನ. ಆಕಿ ಎಣಿಸಿದ್ದು ಒಂದು ದಿನಾನೂ ತಪ್ಪಿಲ್ಲ."

ಸಿದ್ದಿ, ಅವಕ್ಕೆ ಜೀವವಿದೆ ಎಂದೇ ತಿಳಿ ಎಂದು ಬರೆದವಳು ನಾನು. ನೀನು ನನ್ನ ಮಾತನ್ನು ನಂಬಿದೆ. ಸೂರ್ಯನ ಮೇಲಿನವನ್ನೂ ನಿಮ್ಮ ಮನೆಯ ಜೀವಗಳ ಹಾಗೆ ಜೋಪಾನವಾಗಿ ಎಣಿಸಿದೆ. ದಿನವೂ ಸರಿಯಾಗಿ ಒಂದೇ ಕಡಿಮೆ ಬರಬೇಕಾದರೆ ಒಂದು ದಿನವೂ ಕಣ್ಣು ತಪ್ಪಿರಬಾರದು. ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ನೋಡಿದವಳನ್ನೇ ನಾನು ಕಳ್ಳಿ ಎಂದೆ.

ದಸರಾದ ವಿಷಯವನ್ನೂ ಆಯಿಯೇ ಹೇಳಿದರು. ಹೆಸರು ಬಂದರೆ ಶಾಲೆ, ಬಾರದಿದ್ದರೆ ಹಿಂಡಿನ ಹಿಂದೆ ಎಂದು ಅಪ್ಪ ಮಾತು ಇಟ್ಟಿದ್ದರಂತೆ. ನಿನಗೆ ಹೆಸರಿನ ಆಸೆ ಎಂದುಕೊಂಡೆ ನಾನು. ನೀನು ಯಾಕೆ ಹೇಳಲಿಲ್ಲ ಎಂದು ಕೇಳುವುದಿಲ್ಲ. ಭಿಕ್ಷೆ ಬೇಡಿದ ಹಾಗಾಗುತ್ತದೆ ಎಂದು ನೀನು ಹೇಳದೆ ಬಿಟ್ಟೆ, ನನಗೆ ಗೊತ್ತು.

ಹೇಗೆ ಗೊತ್ತು ಎಂದರೆ, ನಾನು ಎಂಟನೆಯಲ್ಲಿದ್ದಾಗ ಗಣಿತದಲ್ಲಿ ನೂರಕ್ಕೆ ತೊಂಬತ್ತೆಂಟು ಬಂದಿತ್ತು. ನಮ್ಮ ಕೇರಿಯ ಹುಡುಗಿಗೆ ಅಷ್ಟು ಎಲ್ಲಿಂದ ಬರಬೇಕು ಎಂದು ಮಾಸ್ತರರು ಇಡೀ ಕ್ಲಾಸಿನ ಮುಂದೆ ನಿಲ್ಲಿಸಿ ಯಾರದನ್ನು ನೋಡಿ ಬರೆದೆ ಎಂದು ಕೇಳಿದರು. ನನ್ನಪ್ಪ ನಾಗಸೇನ ಶಾಲೆಗೆ ಬಂದು, ಬಾಗಿಲಲ್ಲೇ ನಿಂತು, "ಇಕಿಗಿ ಇನ್ನೊಮ್ಮಿ ಪರೀಕ್ಷಾ ಕೊಡ್ರಿ ಸಾಹೇಬರ" ಎಂದರು. ಕೊಟ್ಟರು. ಈ ಸಲ ನೂರು ಬಂತು. ನನಗೆ ಇನ್ನೊಂದು ಪರೀಕ್ಷೆಯಾದರೂ ಸಿಕ್ಕಿತ್ತು. ನಿನಗೆ ನಾನು ಅದನ್ನೂ ಕೊಡಲಿಲ್ಲ.

ನನ್ನನ್ನು ಬಯ್ಯಿ. ಹ್ಯಾಗೆ ಬೇಕಾದರೂ ಬಯ್ಯಿ. ಬರೆಯದೆ ಮಾತ್ರ ಇರಬೇಡ.

ನಿನ್ನ ಪ್ರಣಾಲಿ


ಬೀದರ
20 ಫೆಬ್ರುವರಿ 2025

ಸಿದ್ದಿ,

ನಿನ್ನ ಉತ್ತರ ಬರಲಿಲ್ಲ. ಪತ್ರ ಮುಟ್ಟಿದೆ ಎಂದು ಹಾವಗೆಪ್ಪನವರ ಮಗ ದಿಲೀಪ ಫೋನಿನಲ್ಲಿ ಹೇಳಿದ.

ಸಂಸ್ಥೆಗೆ ತಿದ್ದುಪಡಿ ಕಳಿಸಿದ್ದೆ. ತಪ್ಪು ನನ್ನದು ಎಂದೇ ಬರೆದಿದ್ದೆ. ಹೊಸ ಸಂಚಿಕೆಯಲ್ಲಿ ನಿನ್ನ ಎಲ್ಲ ಎಣಿಕೆಗಳನ್ನೂ ಚಿತ್ರದಲ್ಲಿರುವ ಪೂರ್ತಿ ಸಂಖ್ಯೆಯೊಂದಿಗೆ ಹಾಕಿದ್ದಾರೆ. ಸೆಪ್ಟೆಂಬರ್ 19ರ ನಿನ್ನ ಚಿತ್ರವನ್ನು ಬೇರೆಯಾಗಿ ಅಚ್ಚು ಮಾಡಿ, ಕೆಳಗೆ "ಸಿದ್ದೇಶ್ವರಿ, ಸಂತಪುರ" ಎಂದು ಹಾಕಿದ್ದಾರೆ. ಒಂದು ಪ್ರತಿ ಇದರ ಜೊತೆ ಇದೆ. ಅಪ್ಪನಿಗೂ ಹೇಳು, ನಡುವಿನ ಹಿಂಡು ಜೋರು ನಡೆಯುತ್ತದೆ ಎಂದದ್ದು ಪೂರಾ ಖರೆ. ಸೂರ್ಯನ ಹೊಟ್ಟೆಯ ಭಾಗ ಬೇಗ ತಿರುಗುತ್ತದೆ. ಆ ಪ್ರಶ್ನೆಗೆ ನಾನು ಆಗ ಉತ್ತರವನ್ನೇ ಬರೆಯಲಿಲ್ಲ.

ಭಾಲ್ಕಿಯ ಒಂದು ಹಾಸ್ಟೆಲಿನಲ್ಲಿ ಜೂನ್‌ನಿಂದ ನಿನಗೊಂದು ಜಾಗ ಕೇಳಿ ಇಟ್ಟಿದ್ದೇನೆ. ಮಚ್ಛೇಂದ್ರ ಸರ್ ಒಂಬತ್ತನೆಯ ಪರೀಕ್ಷೆಗೆ ಕೂಡಿಸುತ್ತಾರೆ. ಸಪನಾ ಅದೇ ಊರಲ್ಲಿದ್ದಾಳೆ. ಮಾರ್ಚ್ 16, ಭಾನುವಾರ, ಮೊದಲ ಬಸ್ಸಿಗೆ ನಾನು ಖಟಕ ಚಿಂಚೋಳಿಗೆ ಬರುತ್ತೇನೆ. ಅಪ್ಪನ ಕಾಲು ಹಿಡಿದಾದರೂ ಒಪ್ಪಿಸುತ್ತೇನೆ.

ಪ್ರಣಾಲಿ


ಖಟಕ ಚಿಂಚೋಳಿ
9 ಮಾರ್ಚ್ 2025

ಮೇಡಂ ಅವರಿಗೆ ಸಿದ್ದಿ ಮಾಡುವ ನಮಸ್ಕಾರರಿ.

ನಿಮ್ಮವು ಎರಡೂ ಪತ್ರ ಮುಟ್ಟ್ಯಾವ. ಬೇಕಂತ ಬರೀದೆ ಇದ್ದಿಲ್ರಿ. ಏನು ಬರೀಬೇಕು ಅನ್ನೋದು ತಿಳೀಲಿಲ್ಲ.

ನನಗ ನಿಮ್ಮ ಮ್ಯಾಲ ಸಿಟ್ಟಿಲ್ರಿ. ಮೊದಲ ಅದನ್ನ ಹೇಳಿಬಿಡ್ತೇನಿ. ನೀವು ಅಷ್ಟು ದೊಡ್ಡವರು ಇದ್ದು ತಪ್ಪು ನಂದು ಅಂತ ಬರದೀರಿ. ಅದನ್ನ ಓದಿ ನಾ ಕುರಿ ನಡುವ ಕುಂತು ಅತ್ತೆ. ಅವ್ವ ಹೊಟ್ಟಿ ನೋಯ್ತದೇನು ಅಂತ ಕೇಳಿದಳು.

ಆ ದಿನ ಏನಾಯ್ತು ಅಂತ ನಿಮಗ ಯಾರೂ ಹೇಳಿಲ್ಲ ಅನಸ್ತದ. ಅಪ್ಪ ರಟ್ಟಿನ ಮ್ಯಾಲ ಸೂರ್ಯಾನ ನೋಡಿ ಹೋದ ಮ್ಯಾಲ ಚಹಾದಂಗಡ್ಯಾಗ ಕುಂತು "ನನ ಮಗಳ ಹೆಸರು ಅಚ್ಚಾಗಿ ಬರ್ತದ" ಅಂತ ಎಲ್ಲಾರಿಗೂ ಹೇಳಿದ್ದರು. ಅಪ್ಪ ಹಂಗ ಹೇಳಕೊಳ್ಳೋ ಮನಷಾ ಅಲ್ರಿ. ನಿಮ್ಮ ಪತ್ರ ಬಂದ ದಿನ ಸರ್ ಅಪ್ಪನ್ನ ಸಾಲಿಗಿ ಕರಸಿದರು. ಕಾಗದ ಬಂದದ ಅಂದ ಕೂಡಲೇ ಹೆಸರೇ ಬಂತು ಅಂತ ಅಪ್ಪ ಮುಖ ತೊಳಕೊಂಡು, ಹಬ್ಬಕ್ಕ ಇಟ್ಟಿದ್ದ ಧೋತರ ಉಟಕೊಂಡು ಬಂದರು. ಸರ್ ಎಲ್ಲಾರ ಮುಂದ ಓದಿದರು. ಅಪ್ಪ ನಿಂತೇ ಕೇಳಿದರು. ಸರ್ ಕುರ್ಚಿ ತೋರಿಸಿದರೂ ಕುಂದರಲಿಲ್ಲ.

ಮನಿಗಿ ಬರೋ ದಾರ್ಯಾಗ ಅಪ್ಪ ಬೈಲಿಲ್ಲ, ಹೊಡೀಲಿಲ್ಲ. "ಸುಳ್ಳು ಬರದೇನವ್ವ?" ಅಂತ ಒಂದೇ ಸಲ ಕೇಳಿದರು. "ಇಲ್ಲಪ್ಪ" ಅಂದೆ. ಆದರ ಜೋರಾಗಿ ಅನ್ನಲಾಕ ಆಗಲಿಲ್ರಿ. ಮೇಡಂಗ ತಪ್ಪು ಕಂಡದ ಅಂದರ ತಪ್ಪು ಇದ್ದೇ ಇರ್ತದ, ನನಗ ಕಾಣವಲ್ದು ಅಷ್ಟೇ ಅಂತ ನಾ ತಿಳಕೊಂಡೆ. ನನ್ನ ದನಿ ಕೇಳಿ ಅಪ್ಪ ಮತ್ತೇನೂ ಕೇಳಲಿಲ್ಲ. ದಸರಾ ಮರುದಿನ ಹಿಂಡು ಹೊರಟಿತು. ನಾನೂ ಹೊರಟೆ.

ಪತ್ರಿಕೆ ನೋಡಿದೆ. ನನ್ನ ಚಿತ್ರ ಚೆಂದ ಬಂದದ. ದಿಲೀಪಣ್ಣ ಹೆಸರು ಓದಿ ತೋರಿಸಿದರು. ಅಪ್ಪ ಆ ಹಾಳಿ ಭಾಳ ಹೊತ್ತು ಹಿಡಕೊಂಡು ಕುಂತಿದ್ದರು. ಆಮ್ಯಾಲ "ಭಾಲ್ಕಿಗಿ ಹೋಗು, ನಾ ಬ್ಯಾಡ ಅನ್ನೋದಿಲ್ಲ" ಅಂದರು. ನೀವು ಬಂದು ಕಾಲು ಹಿಡಿಯೋದು ಬೇಕಿಲ್ರಿ. ಅಪ್ಪ ಹ್ಞೂಂ ಅಂದಾರ.

ನಾನೇ ಒಲ್ಲೆ ಅಂದೀನಿ.

ಹಟ ಅಲ್ರಿ. ಹ್ಯಾಂಗ ಹೇಳಬೇಕೋ ತಿಳೀವಲ್ದು. ಮೊದಲ ಹಿಂಡು ನೋಡಿದ ಕೂಡಲೇ ಯಾವ ಮರಿ ಇಲ್ಲ ಅಂತ ನನಗ ತಿಳೀತಿತ್ತು. ಅಪ್ಪನಕಿಂತ ಮೊದಲ ತಿಳೀತಿತ್ತು. ಈಗ ನೋಡ್ತೇನಿ, ಎಲ್ಲಾ ಅದಾವ ಅನಸ್ತದ. ಮತ್ತ ನೋಡ್ತೇನಿ. ಅಲ್ಲ, ಯಾವುದೋ ಇಲ್ಲ ಅನಸ್ತದ. ಅವ್ವಗ ಕೂಗಿ ಕೇಳ್ತೇನಿ. ಹೋದ ತಿಂಗಳು ಒಂದು ಮರಿ ಹಳ್ಳದಾಗ ಉಳೀತು. ಅದು ಇಲ್ಲ ಅನ್ನೋದು ನನ್ನ ಕಣ್ಣಿಗಿ ಕಂಡಿತ್ತು ಮೇಡಂ. ಹೇಳಲಿಲ್ಲ. ನನ್ನ ಎಣಿಕಿನೇ ತಪ್ಪಿರಬೇಕು ಅಂತ ಸುಮ್ಮನಾದೆ. ಮುಂಜಾನಿ ಹೋಗಿ ನೋಡಿದರ ಅದರ ಕೊರಳಾಗಿನ ದಾರ ಅಷ್ಟೇ ಬಿದ್ದಿತ್ತು.

ಹಿಂಗ ಆಗೇದ ನನ್ನ ಕಣ್ಣು. ಸೂರ್ಯಾ ಅಂತೂ ಭಾಳ ದೂರ ಅದಾನರಿ.

ನೀವು ತಪ್ಪು ಅಂದಾಗ ನಿಮ್ಮ ಮಾತು ನಂಬಿ ನನ್ನ ಕಣ್ಣು ಬಿಟ್ಟೆ. ಈಗ ಸರಿ ಅದ ಅಂತೀರಿ. ನೀವು ಅಂದೀರಿ ಅಂತ ಸರಿ ಅಂದುಕೊಂಡರ ಅದೂ ನಿಮ್ಮ ಮಾತೇ ಆಯ್ತಲ್ರಿ. ನನ್ನದು ನನಗ ಹೊಳ್ಳಿ ಬಂದಂಗ ಆಗೋದಿಲ್ಲ. ಯಾವಾಗರ ಬಂದರ ಬರೀತೇನಿ.

16ಕ್ಕ ಬರಬ್ಯಾಡ್ರಿ. ಆ ಹೊತ್ತಿಗಿ ನಾವು ಇಲ್ಲಿರೋದಿಲ್ಲ, ಮುಂದಿನ ಊರಿನ ದಾರಿ ಹಿಡಿದಿರ್ತೇವಿ.

ದುರ್ಬೀನು ಸುಮ್ಮನ ಇಡಬ್ಯಾಡ್ರಿ. ನಮ್ಮ ಸಾಲ್ಯಾಗ ಏಳನೇ ಈಯತ್ತಿನಾಗ ಮುನವ್ವರ ಬೇಗಂ ಅಂತ ಹುಡುಗಿ ಅದಾಳ. ನಾ ನೋಡುವಾಗ ದಿನಾ ಬಾಜೂಕ ಬಂದು ನಿಲ್ಲತಿದ್ದಳು. ಅಕಿಗಿ ಕೊಡ್ರಿ. ಅಕಿ ಬರದದ್ದು ನಿಮ್ಮದಕ್ಕ ಹೊಂದಲಿಲ್ಲ ಅಂದರ ಸರ್‌ಗ ಬರೀಬ್ಯಾಡ್ರಿ. ಹ್ಯಾಂಗ ಎಣಿಸ್ತಿ ಅಂತ ಅಕಿನ್ನೇ ಕೇಳ್ರಿ. ಕೇಳಿದರ ನಾನೂ ಹೇಳತಿದ್ದೆ.

ಸಿದ್ದೇಶ್ವರಿ